ಆಸ್ಕರ್ ಯಾಕೆ ಬರಲಿಲ್ಲ? ಹಳೇ ಹಾಲಿವುಡ್ ಹಾಡುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ‘ಸಿಂಗಿನ್ ಇನ್ ದ ರೇನ್’ ಹಾಡಿಗೆ ಆಸ್ಕರ್ ಬಂದೇ ಇರುತ್ತೆ ಅಂದುಕೊಂಡಿದ್ದೆ. ಹುಡುಕಿದರೆ ನಾಮಿನೇಷನ್ ಕೂಡ ಇಲ್ಲ. ‘ಕಾಸಾಬ್ಲಾಂಕಾ’ದ ‘ಆ್ಯಸ್ ಟೈಮ್ ಗೋಸ್ ಬೈ’ ಹಾಡಿನದೂ ಅದೇ ಕಥೆ. ಇವನ್ನು ಬಿಟ್ಟು ಇನ್ಯಾವುದಕ್ಕೆ ಕೊಟ್ಟರು? (ಮೈಸೂರಿನ ಓದುಗರು)

ಉತ್ತರ: ಈ ಎರಡೂ ಹಾಡುಗಳು ಸೋತವಲ್ಲ. ಅವು ಸ್ಪರ್ಧೆಗೇ ಇಳಿದಿರಲಿಲ್ಲ. ಆ ಸಿನಿಮಾಕ್ಕೆಂದೇ ಹೊಸದಾಗಿ ಬರೆದ ಹಾಡಿಗೆ ಮಾತ್ರ ಈ ಪ್ರಶಸ್ತಿ. ‘ಸಿಂಗಿನ್ ಇನ್ ದ ರೇನ್’ ಸಿನಿಮಾ ಬಂದಿದ್ದು 1952ರಲ್ಲಿ. ಹಾಡು ಮಾತ್ರ 1929ರದು, ‘ದ ಹಾಲಿವುಡ್ ರೆವ್ಯೂ ಆಫ್ 1929’ ಚಿತ್ರದ್ದು. ಸಾಹಿತ್ಯ ಆರ್ಥರ್ ಫ್ರೀಡ್, ಸಂಗೀತ ನ್ಯಾಸಿಯೋ ಹರ್ಬ್ ಬ್ರೌನ್. ಮುಂದೆ ಫ್ರೀಡ್ ಎಂ.ಜಿ.ಎಂ. ಸ್ಟುಡಿಯೋದಲ್ಲಿ ನಿರ್ಮಾಪಕರಾದರು, ತಮ್ಮ ಹಳೇ ಹಾಡುಗಳನ್ನೇ ಪೋಣಿಸಿ ಈ ಸಿನಿಮಾ ಮಾಡಿಸಿದರು. ಹಾಡು ಹುಟ್ಟಿದಾಗಲಾದರೂ ಬರಬಹುದಿತ್ತಲ್ಲ ಅಂದರೆ, ಹಾಡಿಗೆ ಆಸ್ಕರ್ ಕೊಡೋಕೆ ಶುರು ಮಾಡಿದ್ದೇ 1934ರ ಚಿತ್ರಗಳಿಂದ. ಆ ಸಲ ಗೆದ್ದಿದ್ದು ‘ದ ಕಾಂಟಿನೆಂಟಲ್’.

‘ಸಿಂಗಿನ್ ಇನ್ ದ ರೇನ್’ ಸಿನಿಮಾದ ‘ಯೂ ಆರ್ ಮೈ ಲಕ್ಕಿ ಸ್ಟಾರ್’ ಹಾಡೂ ಹಳೆಯದೇ. ಅದು ಮೊದಲು ಬಂದಿದ್ದು ‘ಬ್ರಾಡ್‌ವೇ ಮೆಲೊಡಿ ಆಫ್ 1936’ರಲ್ಲಿ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದ ಪ್ಲಾಜಾ ಟಾಕೀಸು ಬಾಗಿಲು ತೆರೆದಿದ್ದು ಆ ಸಿನಿಮಾದಿಂದಲೇ. ಮೆಟ್ರೋ ನಿಲ್ದಾಣಕ್ಕಾಗಿ ಟಾಕೀಸು ಹೋಯಿತು, ಹಾಡು ಉಳಿದಿದೆ.

‘ಆ್ಯಸ್ ಟೈಮ್ ಗೋಸ್ ಬೈ’ 1931ರ ಒಂದು ಬ್ರಾಡ್‌ವೇ ನಾಟಕಕ್ಕೆ ಹರ್ಮನ್ ಹಪ್‌ಫೆಲ್ಡ್ ಬರೆದದ್ದು. ‘ಕಾಸಾಬ್ಲಾಂಕಾ’ದ ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರ್‌ಗೆ ಅದು ಹಿಡಿಸಿರಲಿಲ್ಲ. ತೆಗೆದುಹಾಕಿ ತಾವೇ ಒಂದು ಹಾಡು ಮಾಡೋಣ ಅಂದಿದ್ದರು. ಆದರೆ ಆ ದೃಶ್ಯಗಳನ್ನು ಮತ್ತೆ ತೆಗೆಯಬೇಕಲ್ಲ? ಅಷ್ಟರಲ್ಲಿ ಇಂಗ್ರಿಡ್ ಬರ್ಗ್‌ಮನ್ ಮುಂದಿನ ಸಿನಿಮಾಕ್ಕೆ ಕೂದಲು ಕತ್ತರಿಸಿಕೊಂಡಾಗಿತ್ತು. ಹಾಗಾಗಿ ಹಾಡು ಬದುಕಿತು. ಕೊನೆಗೆ ಸ್ಟೈನರ್ ಅದೇ ಟ್ಯೂನನ್ನು ಸಿನಿಮಾದುದ್ದಕ್ಕೂ ಬಳಸಿದರು.

ಗೆದ್ದಿದ್ದು ಯಾವುದು ಅಂತ ಕೇಳಿದ್ದಿರಿ. ‘ಕಾಸಾಬ್ಲಾಂಕಾ’ ಕಣದಲ್ಲಿದ್ದ 1943ರಲ್ಲಿ ‘ಯೂಲ್ ನೆವರ್ ನೋ’, 1952ರಲ್ಲಿ ‘ಹೈ ನೂನ್’ ಚಿತ್ರದ ಹಾಡು. ಎರಡನೆಯದರ ಬಗ್ಗೆ ನನ್ನದೇನೂ ತಕರಾರಿಲ್ಲ. ಟೆಕ್ಸ್ ರಿಟ್ಟರ್ ದನಿ ಇಲ್ಲದೆ ಆ ಸಿನಿಮಾವನ್ನು ನೆನೆಸಿಕೊಳ್ಳೋದೇ ಕಷ್ಟ.

ಪ್ರಶ್ನೆ: ಈ ನಿಯಮ ಮೊದಲಿಂದಲೂ ಇತ್ತಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಇಷ್ಟು ಬಿಗಿಯಾಗಿ ಇರಲಿಲ್ಲ. 1940ರ ಜೂನ್‌ನಲ್ಲಿ ಪ್ಯಾರಿಸ್ ಜರ್ಮನರ ಕೈಗೆ ಹೋಯಿತು. ಆ ಸಂಕಟದಲ್ಲಿ ಆಸ್ಕರ್ ಹ್ಯಾಮರ್‌ಸ್ಟೈನ್ ಒಂದು ಹಾಡು ಬರೆದರು, ‘ದ ಲಾಸ್ಟ್ ಟೈಮ್ ಐ ಸಾ ಪ್ಯಾರಿಸ್’. ಜೆರೋಮ್ ಕರ್ನ್ ಟ್ಯೂನ್ ಹಾಕಿದರು. ಯಾವ ಸಿನಿಮಾಕ್ಕೂ ಬರೆದದ್ದಲ್ಲ. ಅದು ಮೊದಲೇ ಜನರ ಬಾಯಲ್ಲಿತ್ತು. ಆಮೇಲೆ ಎಂ.ಜಿ.ಎಂ.ನವರು ಅದನ್ನು ‘ಲೇಡಿ ಬಿ ಗುಡ್’ ಚಿತ್ರಕ್ಕೆ ಸೇರಿಸಿಕೊಂಡರು. 1941ರ ಆಸ್ಕರ್ ಅದಕ್ಕೇ ಬಂತು. ಖುಷಿಪಡೋದು ಬಿಟ್ಟು ಕರ್ನ್ ಬೇಜಾರು ಮಾಡಿಕೊಂಡರು. ಹೆರಾಲ್ಡ್ ಆರ್ಲೆನ್, ಜಾನಿ ಮರ್ಸರ್ ಜೋಡಿಯ ‘ಬ್ಲೂಸ್ ಇನ್ ದ ನೈಟ್’ ಗೆಲ್ಲಬೇಕಿತ್ತು ಅನ್ನೋದು ಅವರ ಅಭಿಪ್ರಾಯ. ಗೆದ್ದವರೇ ಹೀಗೆ ಗೊಣಗಿದ ಮೇಲೆ ನಿಯಮ ಬದಲಾಯಿತು. ಕರ್ನ್ ಮಾತಿಗೆ ನನ್ನದೂ ಒಂದು ಓಟು. ‘ಬ್ಲೂಸ್ ಇನ್ ದ ನೈಟ್’ ಕೇಳಿಲ್ಲದಿದ್ದರೆ ಇವತ್ತೇ ಕೇಳಿ.

ಪ್ರಶ್ನೆ: ಗೆದ್ದ ಹಾಡುಗಳಲ್ಲಿ ನಿಮಗೆ ಅನ್ಯಾಯ ಅನ್ನಿಸಿದ್ದು ಯಾವುದು? (ಮಂಗಳೂರಿನ ಓದುಗರು)

ಉತ್ತರ: 1937. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಗೆದ್ದಿದ್ದು ‘ಸ್ವೀಟ್ ಲೈಲಾನಿ’. ಬಿಂಗ್ ಕ್ರಾಸ್ಬಿ ಹಾಡಿದ ರೆಕಾರ್ಡು ಭರ್ಜರಿಯಾಗಿ ಖರ್ಚಾಗಿತ್ತು. ಹ್ಯಾರಿ ಓವೆನ್ಸ್ ಅದನ್ನು ಬರೆದಿದ್ದು 1934ರಲ್ಲಿ, ಆಗಷ್ಟೇ ಹುಟ್ಟಿದ ತಮ್ಮ ಮಗಳಿಗಾಗಿ. ಅಂದರೆ ಅದೂ ಸಿನಿಮಾಕ್ಕೆ ಬರೆದದ್ದಲ್ಲ! ಸೋತಿದ್ದು ಜಾರ್ಜ್ ಮತ್ತು ಐರಾ ಗರ್ಶ್ವಿನ್ ಸಹೋದರರ ‘ದೇ ಕಾಂಟ್ ಟೇಕ್ ದಟ್ ಅವೇ ಫ್ರಮ್ ಮೀ’. ಜಾರ್ಜ್ ಅದೇ ಜುಲೈನಲ್ಲಿ ಮೆದುಳಿನ ಗೆಡ್ಡೆಯಿಂದ ತೀರಿಕೊಂಡಿದ್ದರು. ಆಗ ಅವರಿಗೆ 38 ವರ್ಷ. ಅವರಿಗೆ ಸಿಕ್ಕ ಆಸ್ಕರ್ ನಾಮಿನೇಷನ್ ಇದೊಂದೇ.

‘ಶಲ್ ವಿ ಡ್ಯಾನ್ಸ್’ ಚಿತ್ರದಲ್ಲಿ ಈ ಹಾಡು ಬರೋದು ರಾತ್ರಿ, ದೋಣಿಯ ಮೇಲೆ. ಫ್ರೆಡ್ ಆಸ್ಟೇರ್ ಜಿಂಜರ್ ರಾಜರ್ಸ್‌ಗೆ ಹಾಡುತ್ತಾರೆ. ನೀನು ಟೋಪಿ ಹಾಕೋ ರೀತಿ, ಟೀ ಕುಡಿಯೋ ರೀತಿ, ಇಂಥ ಚಿಲ್ಲರೆ ಸಂಗತಿಗಳೇ ಸಾಹಿತ್ಯ. ಆಸ್ಟೇರ್ ಹಾಡಿದ ಮೇಲೆ ಇಬ್ಬರೂ ಕುಣಿಯಲೇಬೇಕು ಅಲ್ವಾ? ಇಲ್ಲಿ ಕುಣಿಯೋದಿಲ್ಲ. ಹಾಡು ಮುಗಿಯುತ್ತೆ, ಅಷ್ಟೇ. ಇದಕ್ಕೆ ಅವರಿಬ್ಬರೂ ಜೋಡಿಯಾಗಿ ಕುಣಿದಿದ್ದು 1949ರ ‘ದ ಬಾರ್ಕ್ಲೀಸ್ ಆಫ್ ಬ್ರಾಡ್‌ವೇ’ಯಲ್ಲಿ.

1954 ಕೂಡ ಸ್ವಲ್ಪ ಹೊಟ್ಟೆ ಉರಿಸುತ್ತೆ. ‘ಥ್ರೀ ಕಾಯಿನ್ಸ್ ಇನ್ ದ ಫೌಂಟನ್’ ಕೇಳಲು ಹಿತವಾಗೇ ಇದೆ, ನಿಜ. ಆದರೆ ಆ ಸಲ ಅದರ ಎದುರು ಇದ್ದಿದ್ದು ‘ಎ ಸ್ಟಾರ್ ಈಸ್ ಬಾರ್ನ್’ ಚಿತ್ರದ ‘ದ ಮ್ಯಾನ್ ದಟ್ ಗಾಟ್ ಅವೇ’. ಕ್ಲಬ್ಬು ಮುಚ್ಚಿದೆ. ಕುರ್ಚಿಗಳನ್ನು ಎತ್ತಿಟ್ಟಾಗಿದೆ. ವಾದ್ಯದವರು ತಮ್ಮ ಖುಷಿಗೆ ನುಡಿಸುತ್ತಿದ್ದಾರೆ. ಜೂಡಿ ಗಾರ್ಲೆಂಡ್ ಮೆಲ್ಲಗೆ ಶುರು ಮಾಡಿ ಕೊನೆಗೆ ಎದೆ ಬಿಚ್ಚಿ ಹಾಡುತ್ತಾಳೆ, ಜೇಮ್ಸ್ ಮೇಸನ್ ದೂರ ನಿಂತು ಕೇಳುತ್ತಾನೆ. ನಿರ್ದೇಶಕ ಜಾರ್ಜ್ ಕ್ಯೂಕರ್ ಕ್ಯಾಮೆರಾ ಕಟ್ ಮಾಡದೆ ಆಕೆಯ ಹಿಂದೆಯೇ ಓಡಾಡಿಸುತ್ತಾರೆ.

ಪ್ರಶ್ನೆ: ಹೆಸರೇ ಕೇಳದ ಒಳ್ಳೆಯ ಹಾಡುಗಳನ್ನು ಹೇಳಿ. (ಶಿವಮೊಗ್ಗದ ಓದುಗರು)

ಉತ್ತರ: ಹಾಡಿಗಿಂತ ಜಾಸ್ತಿ ಮರೆತುಹೋದ ಒಬ್ಬ ಮನುಷ್ಯನ ಹೆಸರು ಹೇಳುತ್ತೇನೆ: ಹ್ಯಾರಿ ವಾರೆನ್. ಮೂರು ಆಸ್ಕರ್ ಗೆದ್ದ ಸಂಗೀತಗಾರ. ಇರ್ವಿಂಗ್ ಬರ್ಲಿನ್, ಜಾರ್ಜ್ ಗರ್ಶ್ವಿನ್ ಹೆಸರು ಗೊತ್ತಿರೋ ಎಷ್ಟೋ ಜನಕ್ಕೆ ಇವರು ಗೊತ್ತಿಲ್ಲ. ತಮಾಷೆ ಏನಂದರೆ, ಇವತ್ತು ನಾವು ಗುನುಗೋ ಎಷ್ಟೋ ವಾರೆನ್ ಹಾಡುಗಳಿಗೆ ಪ್ರಶಸ್ತಿಯ ಗಾಳಿಯೂ ಸೋಕಿಲ್ಲ.

‘ಆ್ಯಟ್ ಲಾಸ್ಟ್’ ಕೇಳಿರುತ್ತೀರಿ. ಎಟಾ ಜೇಮ್ಸ್ ದನಿಯಲ್ಲಿ ಮದುವೆ ಆರತಕ್ಷತೆಗಳಲ್ಲೂ ಹಾಕ್ತಾರೆ. ಅದು 1942ರ ‘ಆರ್ಕೆಸ್ಟ್ರಾ ವೈವ್ಸ್’ ಚಿತ್ರದ ಹಾಡು, ಗ್ಲೆನ್ ಮಿಲ್ಲರ್ ವಾದ್ಯವೃಂದದ್ದು. ಆ ವರ್ಷ 10 ಹಾಡುಗಳು ನಾಮಿನೇಟ್ ಆದವು. ಅದೇ ಸಿನಿಮಾದಿಂದ, ಅದೇ ವಾರೆನ್ ಅವರ ಇನ್ನೊಂದು ಹಾಡು, ‘ಕಲಮಜೂ’ ಅನ್ನೋ ಕುಣಿತದ ಹಾಡು, ಪಟ್ಟಿ ಸೇರಿತು. ‘ಆ್ಯಟ್ ಲಾಸ್ಟ್’ ಸೇರಲಿಲ್ಲ. 1945ರಲ್ಲಂತೂ 14 ಹಾಡುಗಳ ಜಾತ್ರೆ. ಅದರಲ್ಲೂ ಅವರ ‘ದ ಮೋರ್ ಐ ಸೀ ಯೂ’ಗೆ ಜಾಗ ಇರಲಿಲ್ಲ.

ನನ್ನ ಆಯ್ಕೆ ಮಾತ್ರ 1934ರ ‘ಡೇಮ್ಸ್’ ಚಿತ್ರದ ‘ಐ ಓನ್ಲಿ ಹ್ಯಾವ್ ಐಸ್ ಫಾರ್ ಯೂ’. ಇದನ್ನು ಬರೀ ಕೇಳಬೇಡಿ, ನೋಡಿ. ಡಿಕ್ ಪೊವೆಲ್ ರೈಲಿನಲ್ಲಿ ಕೂತು ಜಾಹೀರಾತುಗಳನ್ನು ನೋಡುತ್ತಾನೆ. ಪ್ರತಿ ಜಾಹೀರಾತಿನ ಹೆಣ್ಣಿಗೂ ರೂಬಿ ಕೀಲರ್ ಮುಖ ಬರುತ್ತದೆ. ಆಮೇಲೆ ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿ ಹುಚ್ಚು ಹಿಡಿದವರ ಹಾಗೆ ರೂಬಿ ಕೀಲರ್ ಮುಖವಾಡ ಹಾಕಿದ ಹುಡುಗಿಯರನ್ನು ಸಾಲುಸಾಲಾಗಿ ತುಂಬುತ್ತಾರೆ. ಕಡೆಗೆ ಅವರೆಲ್ಲ ಬಗ್ಗಿ ಒಂದೊಂದು ಚೂರು ಜೋಡಿಸಿದರೆ, ಅದೇ ಮುಖ ದೈತ್ಯಾಕಾರದಲ್ಲಿ ಮೂಡುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ!

ಪ್ರಶ್ನೆ: ನಮ್ಮಲ್ಲಿದ್ದ ಹಾಗೆ ಅಲ್ಲೂ ಹಿನ್ನೆಲೆ ಗಾಯನ ಇತ್ತಾ? (ಬೆಳಗಾವಿಯ ಓದುಗರು)

ಉತ್ತರ: ಧಾರಾಳವಾಗಿ ಇತ್ತು. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ. ನಮ್ಮಲ್ಲಿ ಗಾಯಕಿಯ ಹೆಸರು ನೋಡಿ ಕ್ಯಾಸೆಟ್ ಕೊಳ್ಳುತ್ತಿದ್ದೆವು. ಅಲ್ಲಿ ಗಾಯಕಿಯ ಹೆಸರನ್ನು ಪರದೆ ಮೇಲೆ ಹಾಕದೆ ಬಚ್ಚಿಡುತ್ತಿದ್ದರು. 1942ರಲ್ಲಿ ಆಸ್ಕರ್ ಗೆದ್ದ ‘ವೈಟ್ ಕ್ರಿಸ್‌ಮಸ್’ ಹಾಡಿನಲ್ಲಿ ಬಿಂಗ್ ಕ್ರಾಸ್ಬಿ ಜೊತೆ ತುಟಿ ಆಡಿಸೋದು ಮಾರ್ಜರಿ ರೆನಾಲ್ಡ್ಸ್, ದನಿ ಮಾರ್ಥಾ ಮಿಯರ್ಸ್ ಅವರದು.

ಆಡ್ರಿ ಹೆಪ್ಬರ್ನ್ ಕಥೆ ಇನ್ನೂ ವಿಚಿತ್ರ. 1961ರಲ್ಲಿ ಗೆದ್ದ ‘ಮೂನ್ ರಿವರ್’ ಆಕೆಯೇ ಹಾಡಿದ್ದು. ಆಕೆಯ ದನಿ ಎಷ್ಟು ಎತ್ತರಕ್ಕೆ ಹೋಗುತ್ತೆ ಅಂತ ನೋಡಿಕೊಂಡೇ ಹೆನ್ರಿ ಮ್ಯಾನ್ಚಿನಿ ಟ್ಯೂನ್ ಹಾಕಿದ್ದರು. ಮೂರು ವರ್ಷಕ್ಕೆ ‘ಮೈ ಫೇರ್ ಲೇಡಿ’ ಬಂತು. ಅದರಲ್ಲಿ ಆಕೆಯ ಹಾಡುಗಳನ್ನು ಬಹುಪಾಲು ತೆಗೆದು ಮಾರ್ನಿ ನಿಕ್ಸನ್ ದನಿ ಕೂರಿಸಿದರು. ಪೂರ್ತಿ ಅಳಿಸಲಿಲ್ಲ ಅನ್ನಿ. ‘ಜಸ್ಟ್ ಯೂ ವೇಟ್’ ಹಾಡಿನ ಶುರುವನ್ನು ಹುಷಾರಾಗಿ ಕೇಳಿ. ಆ ಒರಟು, ಸಿಟ್ಟಿನ ದನಿ ಹೆಪ್ಬರ್ನ್‌ದೇ. ಎತ್ತರದ ಸ್ವರ ಬಂದ ಕೂಡಲೇ ನಿಕ್ಸನ್ ಒಳಗೆ ಬರುತ್ತಾರೆ.