ಆರು ತಿಂಗಳ ಅಲ್ಟ್ರಾಸೌಂಡ್ ಟೆಕ್ನಿಶಿಯನ್ ಕೋರ್ಸಿಗೆ ಫೀ ಕಟ್ಟೋ ಮುಂಚೆ

ಕುಮಟಾದಲ್ಲಿ ಪಿಯುಸಿ ಸೈನ್ಸ್ ಮುಗಿಸಿದ ತಂಗಿಗೆ ಆರು ತಿಂಗಳ ಅಲ್ಟ್ರಾಸೌಂಡ್ ಟೆಕ್ನಿಶಿಯನ್ ಕೋರ್ಸು ಸಾಕಾ ಅಂತ ಕೇಳಿದ್ರಲ್ಲ, ಗೊಂದಲಕ್ಕೆ ಕಾರಣ ಬಹುಶಃ ಆ ಕೋರ್ಸಿನ ಜಾಹೀರಾತೇ. ಅಮೆರಿಕಾದಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡೋಕೇ ಸೋನೋಗ್ರಾಫರ್ ಅಂತ ಬೇರೆಯೇ ಕೆಲ್ಸ ಇದೆ, ಅಲ್ಲಿ ಸಿಎಎಎಚ್ಇಪಿ ಅನ್ನೋ ಸಂಸ್ಥೆಯ ಮಾನ್ಯತೆ ಇರೋ ಕೋರ್ಸು, ಸೋನೋಗ್ರಾಫರ್‌ಗಳಿಗೆ ಅಂತ ಇರೋ ಎಆರ್‌ಡಿಎಂಎಸ್ ಪರೀಕ್ಷೆ ಎಲ್ಲ ನೋಡ್ತಾರೆ. ನಮ್ಮಲ್ಲಿ ಹಂಗಲ್ಲ ಮಾರಾಯ್ರೆ, ಭ್ರೂಣಲಿಂಗ ಪತ್ತೆ ತಡೆಯೋ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇರೋದ್ರಿಂದ ಗರ್ಭಿಣಿಯರ ಸ್ಕ್ಯಾನ್ ಮಾಡೋದು ಅರ್ಹತೆ ಇರೋ ಡಾಕ್ಟ್ರೇ, ಸರ್ಟಿಫಿಕೇಟ್ ಹಿಡ್ಕೊಂಡು ಹೋದ್ರೆ ಸ್ಕ್ಯಾನ್ ಮಾಡೋ ಪ್ರೋಬ್ ಕೈಗೆ ಕೊಡಲ್ಲ. ರಿಸೆಪ್ಶನ್ನಲ್ಲಿ ಕೂರಿಸಿ ಗರ್ಭಿಣಿಯರ ಸ್ಕ್ಯಾನಿನ ದಾಖಲೆಯಾದ ಎಫ್ ಫಾರ್ಮ್ ತುಂಬಿಸ್ತಾರೆ ಅಷ್ಟೇ.

ಮೊದ್ಲು ಆ ಕೋರ್ಸು ನಡೆಸೋ ಸಂಸ್ಥೆಯವ್ರ ಹತ್ರ ಸರ್ಟಿಫಿಕೇಟ್ ಯಾರು ಕೊಡ್ತಾರೆ ಅಂತ ಬರಹದಲ್ಲಿ ಕೇಳಿ. ರಾಜೀವ್ ಗಾಂಧಿ ಆರೋಗ್ಯ ವಿವಿ ಅಥವಾ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಹೆಸ್ರು ಎತ್ತದೆ "ಐಎಸ್ಒ, ಇಂಟರ್‌ನ್ಯಾಷನಲ್" ಅಂತೆಲ್ಲ ಹೇಳಿದ್ರೆ ಬಿಟ್ಬಿಡಿ. ಆಮೇಲೆ ಬಿಎಸ್ಸಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ನೋಡಿ, ಪಿಯುಸಿಲಿ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಇರ್ಬೇಕು, ಎಕ್ಸ್‌ರೇ, ಸಿಟಿ, ಎಂಆರ್‌ಐ ಎಲ್ಲ ಕಲಿಸ್ತಾರೆ ಹಾಗಾಗಿ ಅಲ್ಟ್ರಾಸೌಂಡ್ ಒಂದನ್ನೇ ನಂಬ್ಕೊಂಡು ಕೂರೋ ಪಾಡಿಲ್ಲ. ಖರ್ಚು ಕಷ್ಟ ಅಂದ್ರೆ ಬೋರ್ಡಿನ ಇಮೇಜಿಂಗ್ ಡಿಪ್ಲೊಮಾನೂ ನಡೀತದೆ. ಕಾರವಾರದ ಮೆಡಿಕಲ್ ಕಾಲೇಜು ಹತ್ರದಲ್ಲೇ ಇದೆ, ಈ ವರ್ಷ ಯಾವ ಪ್ಯಾರಾಮೆಡಿಕಲ್ ಸೀಟು ಇದೆ ಅಂತ ಅಲ್ಲೇ ವಿಚಾರಿಸಿ, ಇಲ್ದಿದ್ರೆ ಹುಬ್ಬಳ್ಳಿ, ಮಣಿಪಾಲ.

ಕಾಲೇಜು ನೋಡೋಕೆ ಹೋದಾಗ ಬಿಲ್ಡಿಂಗ್ ನೋಡ್ಬೇಡಿ, ಸ್ವಂತ ಆಸ್ಪತ್ರೆ ಇದ್ಯಾ, ಅಲ್ಲಿ ಸಿಟಿ ಮಷಿನ್ ನಿಜ್ವಾಗ್ಲೂ ನಡೀತಾ ಇದ್ಯಾ, ಇಂಟರ್ನ್‌ಶಿಪ್ ಎಲ್ಲಿ ಅಂತ ಕೊನೇ ವರ್ಷದ ಹುಡುಗ್ರನ್ನೇ ಕೇಳಿ. ವಿದೇಶದ ಆಸೆ ಇದ್ರೂ ಡಿಗ್ರಿನೇ ಮಾಡ್ಸಿ, ಆರು ತಿಂಗಳ ಕೋರ್ಸಿಗೆ ಅಡ್ವಾನ್ಸ್ ಮಾತ್ರ ಈಗ್ಲೇ ಕೊಡ್ಬೇಡಿ.