ಡೈ ಕಾಸ್ಟಿಂಗ್ ಅಲ್ಯೂಮಿನಿಯಂಗೆ ಟಿ6 ಹೀಟ್ ಟ್ರೀಟ್‌ಮೆಂಟ್ ಮಾಡಿದರೆ ಗುಳ್ಳೆ ಏಳುವುದು ಯಾಕೆ?

ಮಿಶ್ರಲೋಹದ ತಪ್ಪಲ್ಲ, ಒಳಗೆ ಸಿಕ್ಕಿಕೊಂಡ ಗಾಳಿಯ ಕೆಲಸ ಇದು. ಟಿ6 ಅಂದರೆ ಲೋಹವನ್ನು ಚೆನ್ನಾಗಿ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಕಡಿಮೆ ತಾಪದಲ್ಲಿ ಇಟ್ಟು ಗಟ್ಟಿ ಮಾಡುವ ವಿಧಾನ. ಪ್ರೆಶರ್ ಡೈ ಕಾಸ್ಟಿಂಗ್‌ನಲ್ಲಿ ಕರಗಿದ ಲೋಹ ಕ್ಷಣಮಾತ್ರದಲ್ಲಿ ಅಚ್ಚು ತುಂಬುತ್ತದೆ. ಆ ರಭಸಕ್ಕೆ ಗಾಳಿ, ಲೂಬ್ರಿಕಂಟ್ ಆವಿ ಒಳಗೇ ಉಳಿಯುತ್ತವೆ, ಅದೂ ಭಾರೀ ಒತ್ತಡದಲ್ಲಿ. ಟಿ6ಗಾಗಿ ಪಾರ್ಟನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟಾಗ ಲೋಹ ಮೆತ್ತಗಾಗುತ್ತದೆ, ಗಾಳಿ ಹಿಗ್ಗುತ್ತದೆ, ಮೇಲ್ಮೈ ಪೂರಿ ಥರ ಉಬ್ಬುತ್ತದೆ.

ಡೈ ಕಾಸ್ಟಿಂಗ್‌ಗೆ ಹೆಚ್ಚಾಗಿ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹವಾದ ಎಡಿಸಿ12ರಲ್ಲಿ ತಾಮ್ರ 1.5ರಿಂದ 3.5% ಇರುವುದರಿಂದ ಹೀಟ್ ಟ್ರೀಟ್‌ಮೆಂಟ್‌ಗೆ ಗಟ್ಟಿಯಾಗುವ ಗುಣವಂತೂ ಇದ್ದೇ ಇದೆ. ಹಾಗಾಗಿ ಮೊದಲು ಟಿ5 ನೋಡಿ. ಅಚ್ಚಿನಿಂದ ತೆಗೆದ ಕೂಡಲೇ ನೀರಿಗೆ ಹಾಕಿ, ಆಮೇಲೆ 150–200 ಡಿಗ್ರಿಯಲ್ಲಿ ಕೆಲವು ಗಂಟೆ ಇಡುವುದು. ಗುಳ್ಳೆಯ ಕಾಟ ಇಲ್ಲ, ಆದರೆ ಟಿ6ನಷ್ಟು ಬಲ ಬರುವುದಿಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಇನ್ನೊಂದು ದಾರಿ ತೋರಿಸಿತು: ತಾಪ ಸ್ವಲ್ಪ ಇಳಿಸಿ, ಗಂಟೆಗಳ ಬದಲು ನಿಮಿಷಗಳಷ್ಟೇ ಕಾಯಿಸುವುದು. ಗುಳ್ಳೆ ಏಳುವಷ್ಟು ಹೊತ್ತೇ ಸಿಗುವುದಿಲ್ಲ! ಫರ್ನೇಸ್ ಕಂಟ್ರೋಲ್ ಮಾತ್ರ ಪಕ್ಕಾ ಇರಬೇಕು.

ಕಾರಿನ ಬಾಡಿ ಭಾಗಗಳಿಗಾದರೆ ಇವು ಸಾಲವು. ಮುರಿಯದೆ ಬಾಗುವ ಗುಣ ಜಾಸ್ತಿ ಬೇಕು, ಅಲ್ವಾ? ಅಲ್ಲಿ ವ್ಯಾಕ್ಯೂಮ್ ಹಾಕಿ ಅಚ್ಚಿನೊಳಗಿನ ಗಾಳಿ ಎಳೆದು, ಕಬ್ಬಿಣ ಕಡಿಮೆ ಇರುವ ಮಿಶ್ರಲೋಹ ಬಳಸುತ್ತಾರೆ. ಲೋಹ ಅಚ್ಚಿಗೆ ಅಂಟದಂತೆ ತಡೆಯುವ ಕಬ್ಬಿಣದ ಕೆಲಸವನ್ನು ಅದರಲ್ಲಿ ಮ್ಯಾಂಗನೀಸ್ ಮಾಡುತ್ತದೆ.