ಆರು ಜನರ ಮನೆಯಲ್ಲಿ ಬಟ್ಟೆ ಗುಡ್ಡೆ ಕರಗಿಸೋದು ಹೇಗೆ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಮನೆ, ಗಂಡ-ಹೆಂಡತಿ ಇಬ್ಬರಿಗೂ ಕೆಲಸ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಅತ್ತೆ-ಮಾವ. ಆರೂವರೆ ಕೆಜಿ ವಾಷಿಂಗ್ ಮಷಿನ್ ಇದೆ. ಭಾನುವಾರ ಇಡೀ ದಿನ ಒಗೆದರೂ ಬುಧವಾರದ ಹೊತ್ತಿಗೆ ಮತ್ತೆ ಗುಡ್ಡೆ. ಒಂಬತ್ತು ಕೆಜಿ ಮಷಿನ್ ತಗೊಳ್ಳಬೇಕಾ, ಇಲ್ಲ ಡ್ರೈಯರ್ ತಗೊಳ್ಳಬೇಕಾ?

ದೊಡ್ಡ ಮಷಿನ್ ಬೇಡ. ಡ್ರೈಯರ್ ವಿಷಯ ಕೊನೆಗೆ ಹೇಳುತ್ತೇನೆ.

ನಮ್ಮದೂ ಆರು ಜನರ ಮನೆ. ಅಮ್ಮ, ತಮ್ಮ, ನಾವಿಬ್ಬರು, ಇಬ್ಬರು ಮಕ್ಕಳು. ಅಡುಗೆ ಹೆಂಡತಿಯದು, ಬಟ್ಟೆ ನನ್ನದು ಅಂತ ಹಂಚಿಕೊಂಡು ಬಹಳ ವರ್ಷಗಳಾದವು. ಊರಿನ ಅಂಚಿನಲ್ಲಿ ಬಾಡಿಗೆ ಮನೆ, ಬೋರ್‌ವೆಲ್ ನೀರು, ಮೂರು ಮನೆಗಳಿಗೆ ಸೇರಿ ಒಂದೇ ಟೆರೇಸು. ಹಾಗಾಗಿ ಕೆಳಗಿನದೆಲ್ಲ ಈ ತರದ ಮನೆಗೆ ಹೊಂದುವ ಮಾತು.

ಮೊದಲು ಒಂದು ವಿಷಯ ನೋಡಿ. ನಿಮ್ಮ ಮನೆಯಲ್ಲಿ ಗುಡ್ಡೆ ಎಲ್ಲಿ ಬೀಳುತ್ತಿದೆ? ಬಚ್ಚಲ ಪಕ್ಕದ ಬುಟ್ಟಿಯಲ್ಲೋ, ಒಣಗಿದ ಮೇಲೆ ಕುರ್ಚಿಯ ಮೇಲೋ? ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಅರ್ಧಕ್ಕರ್ಧ ಗುಡ್ಡೆ ಒಗೆದಾದ ಬಟ್ಟೆಯದೇ. ಒಗೆಯುವ ಕೆಲಸ ಮಷಿನ್ ಮಾಡುತ್ತದೆ. ಹರವುವುದು, ತೆಗೆಯುವುದು, ಮಡಚುವುದು, ಬೀರುವಿಗೆ ಸೇರಿಸುವುದು ಕೈಯ ಕೆಲಸ. ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಅಂಥಾ ಕಡೆ ದೊಡ್ಡ ಮಷಿನ್ ತಂದರೆ ಬಾಗಿಲು ಕಿರಿದಿರುವ ಬಸ್ಸಿಗೆ ಸೀಟು ಜಾಸ್ತಿ ಹಾಕಿದ ಹಾಗಾಗುತ್ತದೆ.

ಅದಕ್ಕೇ ನಾನು ಹೇಳುವುದು ಒಂದೇ. ಒಂದು ದಿನಕ್ಕೆ ಎಷ್ಟು ಒಗೆಯಬೇಕು ಅನ್ನೋದನ್ನು ಮಷಿನ್ನಿನ ಕೆಜಿ ನೋಡಿ ಲೆಕ್ಕ ಹಾಕಬೇಡಿ, ತಂತಿ ನೋಡಿ ಲೆಕ್ಕ ಹಾಕಿ. ಡಬಲ್ ಬೆಡ್‌ಶೀಟ್ ಒಂದೇ ಏಳೆಂಟು ಅಡಿ ತಂತಿ ನುಂಗುತ್ತದೆ. ಸೀರೆ ಐದೂವರೆ ಮೀಟರ್, ಮೂರು ಮಡಿಕೆ ಮಾಡಿ ಹಾಕಿದರೂ ಆರಡಿ ಬೇಕು. ಷರಟನ್ನು ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದರೆ ಎರಡಡಿ. ಅದೇ ಷರಟನ್ನು ಹ್ಯಾಂಗರಿಗೆ ಹಾಕಿ ಆ ಹ್ಯಾಂಗರನ್ನು ತಂತಿಗೆ ಸಿಕ್ಕಿಸಿದರೆ ಒಂದು ಗೇಣು ಸಾಕು. ಸುಕ್ಕೂ ಕಮ್ಮಿ, ಒಣಗಿದ ಮೇಲೆ ಹಾಗೇ ಎತ್ತಿ ಬೀರುವಿಗೆ ಇಡಬಹುದು, ಮಡಚುವ ಕೆಲಸವೇ ಇಲ್ಲ. ಒಂದೆರಡು ಡಜನ್ ಪ್ಲಾಸ್ಟಿಕ್ ಹ್ಯಾಂಗರ್ ತನ್ನಿ. ಹೊಸ ಮಷಿನ್ನಿಗಿಂತ ಜಾಸ್ತಿ ಉಪಕಾರ ಅದರಿಂದ ಆಗುತ್ತದೆ. ಬಾಲ್ಕನಿ ಇದ್ದರೆ ಮೇಲ್ಛಾವಣಿಗೆ ರಾಟೆಯ ಸ್ಟ್ಯಾಂಡ್ ಹಾಕಿಸಿ. ಹಗ್ಗ ಎಳೆದರೆ ಕೊಳವೆಗಳು ಮೇಲಕ್ಕೆ ಹೋಗುವಂಥದ್ದು. ನೆಲದಲ್ಲಿ ಜಾಗ ತಿನ್ನುವುದಿಲ್ಲ, ತಲೆಗೂ ತಾಗುವುದಿಲ್ಲ.

ಭಾನುವಾರ ಎಲ್ಲ ಒಗೆಯುವ ಪದ್ಧತಿ ಬಿಡಿ. ಐದು ಲೋಡ್ ಒಗೆಯಬಹುದು, ಐದು ಲೋಡ್ ಒಣಹಾಕಲು ಜಾಗ ಯಾರ ಮನೆಯಲ್ಲಿದೆ? ದಿನಕ್ಕೊಂದು ಲೋಡ್, ಅದೂ ತಂತಿಗೆ ಹಿಡಿಸುವಷ್ಟು. ನಾವು ರಾತ್ರಿ ಮಲಗುವ ಮುಂಚೆ ಬಟ್ಟೆ, ಪುಡಿ ಹಾಕಿ ಟೈಮರ್ ಇಡುತ್ತೇವೆ. ಈಗಿನ ಹೆಚ್ಚಿನ ಫುಲ್ಲಿ ಆಟೋಮ್ಯಾಟಿಕ್ ಮಷಿನ್ನುಗಳಲ್ಲಿ ತಡವಾಗಿ ಶುರುವಾಗುವ ಆ ಬಟನ್ ಇರುತ್ತದೆ, ಬಳಸುವವರು ಮಾತ್ರ ಕಮ್ಮಿ. ಬೆಳಿಗ್ಗೆ ಎದ್ದಾಗ ಒಗೆದಾಗಿರಬೇಕು. ರಾತ್ರಿಯೇ ಒಗೆದು ಬೆಳಗಿನವರೆಗೆ ಡ್ರಮ್ಮಿನಲ್ಲಿ ಬಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಟ್ಯಾಂಕಿಯಲ್ಲಿ ನೀರಿದೆಯಾ, ಮಷಿನ್ನಿನ ನಲ್ಲಿ ತೆರೆದಿದೆಯಾ ಅಂತ ಮಲಗುವ ಮುಂಚೆ ಒಂದ್ಸಲ ನೋಡಿ.

ಈ ಬೆಳಗಿನ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಕಾರಣವೂ ಇದೆ. ಇಲ್ಲಿ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗಲೂ, ಮೇ ತಿಂಗಳಿನಲ್ಲೂ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಅಥವಾ ಸಂಜೆ. ಆರೂವರೆಗೆ ಹರವಿ ಎರಡು ಗಂಟೆಗೆ ತೆಗೆದರೆ ವರ್ಷದ ಹೆಚ್ಚಿನ ದಿನ ಗೆದ್ದ ಹಾಗೆ. ಹತ್ತು ಗಂಟೆಗೆ ಹರವಿದ ಬಟ್ಟೆಯೇ ಸಂಜೆ ಮಳೆಗೆ ಸಿಕ್ಕುವುದು. ಹಗಲು ಮನೆಯಲ್ಲಿರುವವರು ನಿಮ್ಮ ಮಾವನವರೋ ಅತ್ತೆಯವರೋ ಆಗಿದ್ದರೆ, ತೆಗೆಯುವುದನ್ನು ಮಾತ್ರ ಅವರಿಗೆ ಕೇಳಿಕೊಳ್ಳಿ. ಒದ್ದೆ ಬಟ್ಟೆಯ ಬಕೆಟ್ ಹೊತ್ತು ಮೆಟ್ಟಿಲು ಹತ್ತುವುದು ವಯಸ್ಸಾದವರಿಗೆ ಬೇಡ. ಒಣಗಿದ್ದನ್ನು ತೆಗೆದು ತರುವುದು ಹಗುರ.

ಮಲೆನಾಡಿನ ಮಾತು ಬೇರೆ. ಅಮ್ಮನ ಊರು ತೀರ್ಥಹಳ್ಳಿ ಕಡೆ. ಅಲ್ಲೇ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ, ಸಂಜೆ ಅಂತ ಭೇದವೇ ಇಲ್ಲ. ಬಚ್ಚಲು ಒಲೆಯ ಮೇಲೆ ಅಡ್ಡಕ್ಕೆ ಬಿದಿರು ಕಟ್ಟಿ ಒಣಗಿಸುತ್ತಿದ್ದರು. ಶಾಲೆಯಲ್ಲಿ ಎಲ್ಲರ ಬಟ್ಟೆಯೂ ಹೊಗೆ ವಾಸನೆ, ಹಾಗಾಗಿ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಂತ ಅಮ್ಮ ನಗುತ್ತಾರೆ.

ನಿಮಗೆ ಒಲೆ ಇಲ್ಲ, ಆದರೆ ಮಳೆಗಾಲದಲ್ಲಿ ಮಾಡಬಹುದಾದ್ದು ಇದೆ. ಮಷಿನ್ ಮುಗಿದ ಮೇಲೆ ಇನ್ನೊಂದು ಸಲ ಬರೀ ಸ್ಪಿನ್ ಹಾಕಿ. ಫ್ರಂಟ್ ಲೋಡ್ ಆಗಿದ್ದರೆ ಸ್ಪಿನ್ ವೇಗ ಸಾವಿರದ ಮೇಲಕ್ಕೆ ಇಡಿ. ಬಟ್ಟೆ ಒಂದಕ್ಕೊಂದು ಅಂಟದ ಹಾಗೆ ಬಿಡಿಬಿಡಿಯಾಗಿ ಹಾಕಿ. ಕೋಣೆಯೊಳಗೆ ಫ್ಯಾನ್ ಹಾಕಿ, ಒಂದು ಕಿಟಕಿ ತೆರೆದಿರಲಿ. ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಫ್ಯಾನ್ ಹಾಕಿದರೆ ತೇವ ಅದೇ ಕೋಣೆಯಲ್ಲಿ ಸುತ್ತುತ್ತದೆ ಅಷ್ಟೇ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಜೀನ್ಸನ್ನು ಒಳಗು ಹೊರಗು ಮಾಡಿ ಸೊಂಟ ಮೇಲಾಗಿ ಹಾಕಿ, ಜೇಬು ಬೇಗ ಒಣಗುತ್ತದೆ. ಬೆಡ್‌ಶೀಟು, ರಗ್ಗು ಇವನ್ನು ಬಿಸಿಲು ಕಂಡ ದಿನಕ್ಕೇ ಮೀಸಲಿಡಿ. ಬೆಡ್‌ಶೀಟ್ ಎರಡು ದಿನ ತಡವಾದರೆ ಯಾರೂ ಸಾಯುವುದಿಲ್ಲ, ಯೂನಿಫಾರ್ಮ್ ತಡವಾದರೆ ಬೆಳಿಗ್ಗೆ ಏಳು ಗಂಟೆಗೆ ಮನೆಯಲ್ಲಿ ರಾಮಾಯಣ.

ಯೂನಿಫಾರ್ಮ್ ಅಂದೆ ಅಲ್ವಾ, ಅದಕ್ಕೆ ಒಂದೇ ಮಾತು: ಎರಡು ಜೊತೆ ಸಾಲದು, ಮೂರನೆಯದು ಹೊಲಿಸಿ ಅಥವಾ ಕೊಳ್ಳಿ. ಒಂದು ಮೈಮೇಲೆ, ಒಂದು ತಂತಿಯ ಮೇಲೆ, ಒಂದು ಬೀರುವಿನಲ್ಲಿ. ಕಾಲುಚೀಲ ಎಲ್ಲ ಒಂದೇ ಬಣ್ಣ, ಒಂದೇ ತರದ್ದು ತನ್ನಿ, ಜೋಡಿ ಹುಡುಕುವ ಕೆಲಸ ತಪ್ಪುತ್ತದೆ. ಅವನ್ನು ಜಾಲರಿ ಚೀಲಕ್ಕೆ ಹಾಕಿ ಒಗೆಯಿರಿ.

ಇನ್ನು ಬುಟ್ಟಿಗೆ ಬೀಳುವುದನ್ನೇ ಕಮ್ಮಿ ಮಾಡುವುದು. ಸಂಜೆ ಎರಡು ಗಂಟೆ ಹಾಕಿದ ಟೀ ಷರ್ಟ್, ಆಫೀಸಿಗೆ ಒಂದು ಸಲ ಹಾಕಿದ ಜೀನ್ಸ್, ಸ್ವೆಟರ್, ಇವೆಲ್ಲ ಸುಮ್ನೆ ಒಗೆಯಲು ಬರುತ್ತವೆ. ಕಾರಣ ಏನು ಗೊತ್ತಾ? ಹಾಕಿದ್ದನ್ನು ಮತ್ತೆ ಬೀರುವಿಗೆ ಇಡಲು ಯಾರಿಗೂ ಮನಸ್ಸಿಲ್ಲ, ಬೇರೆ ಜಾಗವೂ ಇಲ್ಲ. ಪ್ರತಿ ಕೋಣೆಯ ಬಾಗಿಲ ಹಿಂದೆ ನಾಲ್ಕು ಗೂಟ ಹೊಡೆಸಿ, ಇನ್ನೊಂದು ಸಲ ಹಾಕಬಹುದಾದ ಬಟ್ಟೆ ಅಲ್ಲಿಗೆ. ಒಳಉಡುಪು, ಕಾಲುಚೀಲ, ಬೆವರಿದ ಬಟ್ಟೆ ಮಾತ್ರ ನೇರ ಬುಟ್ಟಿಗೆ. ಟವೆಲ್ ದಿನಾ ಒಗೆಯಬೇಕಿಲ್ಲ. ಆದರೆ ಬಳಸಿದ ಮೇಲೆ ಹರವಿ ಒಣಗಿಸಬೇಕು. ಮುದ್ದೆ ಮಾಡಿ ಮಂಚದ ಮೇಲೆ ಎಸೆದ ಟವೆಲ್ ಮಾತ್ರ ಮರುದಿನವೇ ನಾರುತ್ತದೆ. ನಮ್ಮ ಮನೆಯಲ್ಲಿ ಈ ಗೂಟದಿಂದಲೇ ಬುಟ್ಟಿ ಕಣ್ಣಿಗೆ ಕಾಣುವಷ್ಟು ಹಗುರಾಯಿತು.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಒಗೆದದ್ದನ್ನೇ ಮತ್ತೆ ಒಗೆಯಲು ಹಾಕುವುದು ಇದರಿಂದಲೇ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಇಟ್ಟಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 600ರವರೆಗೆ. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳ ನೀರು ಆ 200ನ್ನು ಸುಲಭವಾಗಿ ದಾಟುತ್ತದೆ. ಇಂಥ ನೀರಿಗೆ ಬಾರ್ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಬೂದು ಬಣ್ಣದ ಜಿಡ್ಡು ಬಟ್ಟೆಯ ಮೇಲೆ ಕೂರುತ್ತದೆ. ಬಿಳಿ ಬಟ್ಟೆ ಮಂಕಾಗುವುದು, ಟವೆಲ್ ಹಪ್ಪಳದ ಹಾಗೆ ಬಿರುಸಾಗುವುದು ಇದರಿಂದಲೇ. ನೊರೆ ಬರಲಿಲ್ಲ ಅಂತ ಪುಡಿಯನ್ನು ಸಿಕ್ಕಾಪಟ್ಟೆ ಸುರಿಯುವವರಿದ್ದಾರೆ. ಗಡಸು ನೀರಿಗೆ ಸ್ವಲ್ಪ ಜಾಸ್ತಿ ಬೇಕು, ನಿಜ. ಪ್ಯಾಕೆಟ್ಟಿನ ಹಿಂದೆ ಅಳತೆ ಇರುತ್ತದೆ, ಅದನ್ನು ಮೀರಬೇಡಿ. ಜಾಲಿಸಿದರೂ ಹೋಗದೆ ಉಳಿದ ಪುಡಿಯೇ ಕೊಳೆ ಹಿಡಿದುಕೊಂಡು ಆಮೇಲೆ ವಾಸನೆ ಬರುತ್ತದೆ. ಟವೆಲ್ಲಿಗೆ ಕಂಫರ್ಟ್‌ನಂಥದ್ದು ಹಾಕಬೇಡಿ, ನೀರು ಹೀರುವುದನ್ನೇ ಕಮ್ಮಿ ಮಾಡುತ್ತದೆ. ಮಷಿನ್ನಿನಲ್ಲಿ ಹೀಟರ್ ಇದ್ದರೆ ಟವೆಲ್, ಬೆಡ್‌ಶೀಟಿಗೆ ಆಗಾಗ 60 ಡಿಗ್ರಿ ಕೊಡಿ.

ಕಾವೇರಿ ನೀರು ಬರುತ್ತದಾ ನಿಮಗೆ? ಅದು ಬೋರ್ ನೀರಿನಷ್ಟು ಗಡಸಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾದದ್ದೇ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ನೀರು ಕೊಡಲು. ಸಂಪರ್ಕ ಇದ್ದರೆ, ನೀರು ಬಿಡುವ ದಿನವನ್ನು ಬಿಳಿ ಬಟ್ಟೆಯ ದಿನ ಮಾಡಿಕೊಳ್ಳಿ. ಮಷಿನ್ನಿಗೆ ಪೈಪಿನಿಂದ ಬೋರ್ ನೀರೇ ಬರುತ್ತಿದ್ದರೂ ಪರವಾಗಿಲ್ಲ. ಬಿಳಿ ಷರಟು, ಪಂಚೆಗಳನ್ನು ಕಾವೇರಿ ನೀರಿನ ಬಕೆಟ್ಟಿನಲ್ಲಿ ಕೈಯಲ್ಲೇ ಒಗೆದು ಜಾಲಿಸಿದರೆ ವ್ಯತ್ಯಾಸ ಕಾಣುತ್ತದೆ.

ಕಲೆಗಳ ಬಗ್ಗೆ ಒಂದೆರಡು ಮಾತು. ಸಾರಿನ ಅರಿಸಿನ ಕಲೆಗೆ ಸೋಪು ಹಚ್ಚಿದ ತಕ್ಷಣ ಕೆಂಪಾದರೆ ಗಾಬರಿಯಾಗಬೇಡಿ, ಅರಿಸಿನದ ಗುಣ ಅದು. ಒಗೆದು ಬಿಸಿಲಿಗೆ ಹಾಕಿ, ಬಿಸಿಲೇ ಅದನ್ನು ತಿನ್ನುತ್ತದೆ. ರಕ್ತಕ್ಕೆ ತಣ್ಣೀರು, ಬಿಸಿ ತಾಗಿಸಬಾರದು. ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್. ಬಾಳೆಯ ಸೊನೆ ಹತ್ತಿದ ಬಟ್ಟೆಯನ್ನು ತೋಟಕ್ಕೇ ಇಟ್ಟುಬಿಡಿ.

ಮಡಿ ಬಟ್ಟೆಯ ಮಾತು ನೀವು ಎತ್ತಿಲ್ಲ, ಆದರೆ ಅತ್ತೆಯವರು ಇದ್ದಾರೆ ಅಂದಿದ್ದರಿಂದ ಹೇಳುತ್ತೇನೆ. ನಮ್ಮಮ್ಮನಿಗೆ ಪೂಜೆಯ ಸೀರೆ ಮಷಿನ್ನಿಗೆ ಹಾಕುವುದು ಇಷ್ಟವಿಲ್ಲ. ತಾವೇ ಹಿಂಡಿ, ಯಾರೂ ಮುಟ್ಟದ ಹಾಗೆ ಎತ್ತರದ ಗಳುವಿಗೆ ಕೋಲಿನಿಂದ ಏರಿಸುತ್ತಾರೆ. ಇದನ್ನು ವಾದ ಮಾಡಿ ಗೆಲ್ಲಲು ಹೋದರೆ ಬಟ್ಟೆಯೂ ಒಣಗುವುದಿಲ್ಲ, ಮನಸ್ಸೂ ಸರಿಯಿರುವುದಿಲ್ಲ. ಅವರಿಗೆ ಅಂತಲೇ ಒಂದು ಗಳು ಬಿಟ್ಟುಕೊಡಿ. ಆರು ಜನರಲ್ಲಿ ಒಬ್ಬರ ಬಟ್ಟೆ ಅವರೇ ನೋಡಿಕೊಂಡ ಹಾಗಾಯಿತು, ನಿಮಗೂ ಲಾಭವೇ.

ಈಗ ಮಡಚುವುದು. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಇಡೀ ಮನೆಯ ಬಟ್ಟೆಯನ್ನು ಒಬ್ಬರು ಮಡಚಬಾರದು. ಒಣಗಿದ ಬಟ್ಟೆ ತಂದವರು ಅದನ್ನು ಆರು ಪಾಲು ಮಾಡಿ ಅವರವರ ಬುಟ್ಟಿಗೆ ಹಾಕುತ್ತಾರೆ, ಅಷ್ಟೇ. ಮಡಚುತ್ತಾರೋ, ಹಾಗೇ ತುರುಕುತ್ತಾರೋ ಅವರವರಿಗೆ ಬಿಟ್ಟದ್ದು. ಒಂದನೇ ಕ್ಲಾಸಿನ ಮಗುವಿಗೂ ಚಡ್ಡಿ, ಬನಿಯನ್ ಮಡಚಲು ಬರುತ್ತದೆ. ವಕ್ರವಾಗಿದ್ದರೆ ಇರಲಿ ಬಿಡಿ. ತಮ್ಮನ ಬುಟ್ಟಿ ವಾರಗಟ್ಟಲೆ ತುಂಬಿಯೇ ಇರುತ್ತದೆ, ಅವನು ಅದರಿಂದಲೇ ಎತ್ತಿ ಹಾಕಿಕೊಂಡು ಹೋಗುತ್ತಾನೆ. ನನಗೇನು ತೊಂದರೆ? ನಿಮ್ಮ ಪ್ರಶ್ನೆಯಲ್ಲಿ ಒಗೆಯುವುದು, ಹರವುವುದು, ಮಡಚುವುದು ಎಲ್ಲಕ್ಕೂ "ನಾನು" ಅಂತಲೇ ಇದೆ. ನಿಮ್ಮ ಯಜಮಾನರು ಬೆಳಿಗ್ಗೆ ಹರವುವ ಕೆಲಸ ತೆಗೆದುಕೊಳ್ಳಲಿ. ಹತ್ತು-ಹದಿನೈದು ನಿಮಿಷದ ಕೆಲಸ, ಕಾಫಿ ಕುಡಿಯುವ ಮುಂಚೆ ಮುಗಿಯುತ್ತದೆ. ನಾನು ದಿನಾ ಮಾಡುತ್ತೇನೆ, ಪಕ್ಕದ ಮನೆಯವರು ಮೊದಮೊದಲು ನೋಡಿ ನಕ್ಕರು, ಈಗ ಅವರ ಮನೆಯ ಗಂಡಸೂ ಟೆರೇಸಿಗೆ ಬರುತ್ತಾರೆ.

ಇಸ್ತ್ರಿಗೆ ಗಾಡಿಯವರಿಗೆ ಕೊಡುತ್ತೀರಾದರೆ ಆಫೀಸಿನ ಷರಟು, ಯೂನಿಫಾರ್ಮ್, ಕಾಟನ್ ಸೀರೆ ಇಷ್ಟು ಸಾಕು. ಒಂದು ಬಟ್ಟೆಗೆ ಹತ್ತು ರೂಪಾಯಿ ಆಸುಪಾಸು ಅಂದರೂ ಮನೆಯ ಬಟ್ಟೆಯೆಲ್ಲ ಕೊಟ್ಟರೆ ತಿಂಗಳ ಕೊನೆಗೆ ದೊಡ್ಡ ಲೆಕ್ಕ. ಹ್ಯಾಂಗರಿನಲ್ಲಿ ಒಣಗಿದ ಟೀ ಷರ್ಟಿಗೆ ಇಸ್ತ್ರಿ ಯಾಕೆ?

ಡ್ರೈಯರ್ ವಿಷಯ. ಸಾದಾ ಕಂಡೆನ್ಸರ್ ಡ್ರೈಯರ್ ಎರಡು ಸಾವಿರ ವಾಟ್ ಆಸುಪಾಸು ಎಳೆಯುತ್ತದೆ, 15 ಆಂಪಿಯರ್ ಪಾಯಿಂಟ್ ಬೇಕು. ಹೀಟ್ ಪಂಪ್ (ಬಿಸಿಯನ್ನು ಹೊರಗೆ ಬಿಡದೆ ಮತ್ತೆ ಬಳಸುವ ವ್ಯವಸ್ಥೆ) ಇರುವಂಥದ್ದಕ್ಕೆ ಅದರ ಅರ್ಧದಷ್ಟು ಕರೆಂಟೂ ಬೇಡ, ಆದರೆ ಬೆಲೆ ಜಾಸ್ತಿ, ಸಮಯವೂ ಜಾಸ್ತಿ. ಟೆರೇಸು, ಬಾಲ್ಕನಿ ಎರಡೂ ಇಲ್ಲದ ಫ್ಲ್ಯಾಟ್ ಆದರೆ, ಅಥವಾ ಮನೆಯಲ್ಲಿ ಕೈಗೂಸು ಇದ್ದರೆ, ನಾನೂ ಹೀಟ್ ಪಂಪಿನದೇ ತಗೊಳ್ಳಿ ಅನ್ನುತ್ತಿದ್ದೆ. ನಿಮಗೆ ಟೆರೇಸ್ ಇದೆಯಾ ಅಂತ ಬರೆದಿಲ್ಲ. ಇದ್ದರೆ ಈ ಮಳೆಗಾಲ ಮುಗಿಯುವವರೆಗೆ ಹ್ಯಾಂಗರು, ಗೂಟ, ರಾಟೆ ಸ್ಟ್ಯಾಂಡ್ ಇಷ್ಟರಲ್ಲೇ ನಡೆಸಿ ನೋಡಿ. ನವೆಂಬರಿನಲ್ಲೂ ಬೇಕೇ ಬೇಕು ಅನ್ನಿಸಿದರೆ ಆಗ ಅಂಗಡಿಗೆ ಹೋಗಿ.